ಗೊಟ್ಟ, ಪಾತಾಳಗರಡಿ ಮತ್ತು ಇತರ ರಾಜರಹಸ್ಯಗಳು

ಬೆಂಗಳೂರಿನ ಕಚೇರಿಯೊಂದರಲ್ಲಿ 34 ವರ್ಷ ಕಡತ ನೋಡಿ ನಿವೃತ್ತನಾದ ಮೇಲೆ ನಾನು ವಸ್ತುಶೋಧನೆಗೆ ಕೈಹಾಕಿದೆ. ಅದಕ್ಕೆ ಬೇಕಾದ ಅರ್ಹತೆಗಳೆಲ್ಲ ನೌಕರಿಯಲ್ಲೇ ಸಿದ್ಧಿಸಿದ್ದವು: ಸ್ಥಳಕ್ಕೆ ಹೋಗದೆ ವರದಿ ಬರೆಯುವುದು, ಬರೆದ ಮೇಲೆ ತಿದ್ದದಿರುವುದು, ವಿಷಯ ಗೊತ್ತಿದ್ದವರನ್ನು ಕೊನೆಯವರೆಗೂ ಕೇಳದಿರುವುದು. ಈ ಮೂರು ಕಂಬಗಳ ಮೇಲೆ ನಾನು ಕಟ್ಟಿರುವ ವಿದ್ಯೆಗೆ ‘ಊಹಾಶಾಸ್ತ್ರ’ ಎಂದು ಹೆಸರಿಟ್ಟಿದ್ದೇನೆ. ಹಳೇ ಕಾಲದ, ಏನೆಂದು ತಿಳಿಯದ ಸಾಮಾನೊಂದನ್ನು ಕೈಗೆ ಕೊಟ್ಟರೆ ಐದು ನಿಮಿಷದಲ್ಲಿ ಅದರ ಉದ್ದೇಶ ನಿರ್ಣಯಿಸಿ, ಚೀಟಿ ಅಂಟಿಸಿ ಕೊಡುವುದು ಈ ಶಾಸ್ತ್ರದ ಕೆಲಸ. ನಿರ್ಣಯ ಸರಿಯೋ ತಪ್ಪೋ ಎಂಬುದನ್ನು ಬೇರೆ ಶಾಸ್ತ್ರದವರಿಗೆ ಬಿಟ್ಟಿದ್ದೇವೆ.

ಮೊದಲ ಕ್ಷೇತ್ರಕಾರ್ಯ ನಡೆದದ್ದು ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯ ವಳಕಮದಿನ್ನಿಯಲ್ಲಿ, ನಮ್ಮ ಹಳೇ ಮಾಳಿಗೆ ಮನೆಯಲ್ಲಿ. ಮನೆ ಕೆಡವಿ ಆರ್‌ಸಿಸಿ ಹಾಕಿಸುವುದೆಂದು ಅಣ್ಣತಮ್ಮಂದಿರು ನಿಶ್ಚಯ ಮಾಡಿದ್ದರು. ಅಟ್ಟದ ಸಾಮಾನು ಇಳಿಸಲು ಯಾರಿಗೂ ಪುರುಸೊತ್ತಿರಲಿಲ್ಲ, ನನಗಿತ್ತು. ಬಾಗಿಲ ಮುಂದೆ ಗುಜರಿಯವನು ತಕ್ಕಡಿ ಹಿಡಿದು ಕೂತಿದ್ದ. ಅವನದೂ ಒಂದು ವಿಂಗಡಣೆಯ ಶಾಸ್ತ್ರವೇ, ಆದರೆ ತೀರಾ ಪ್ರಾಥಮಿಕ ಮಟ್ಟದ್ದು: ಕಬ್ಬಿಣ, ಹಿತ್ತಾಳೆ, ತಾಮ್ರ, ಒಲೆಗೆ.

ಸಹಾಯಕಿಯಾಗಿ ಆರನೇ ಕ್ಲಾಸಿನ ಮೊಮ್ಮಗಳೊಬ್ಬಳನ್ನು ನೇಮಿಸಿಕೊಂಡೆ. ನಾನು ಹೇಳಿದ್ದನ್ನು ಚೀಟಿಯಲ್ಲಿ ದುಂಡಗೆ ಬರೆಯುವುದು ಅವಳ ಕೆಲಸ. ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತಿದ್ದ ದೊಡ್ಡವ್ವ ತಂಡದಲ್ಲಿರಲಿಲ್ಲ. ಆದರೆ ಅಲ್ಲೇ ಇದ್ದಳು. ಕ್ಷೇತ್ರಕಾರ್ಯದಲ್ಲಿ ಇಂಥ ಅಡಚಣೆಗಳು ಇದ್ದದ್ದೇ.

ಕೆಲಸ ಊರಿನ ಹೆಸರಿನಿಂದಲೇ ಶುರುವಾಯಿತು. ನಮ್ಮ ಸೀಮೆಯಲ್ಲಿ ‘ದಿನ್ನಿ’ ಎಂದು ಮುಗಿಯುವ ಊರುಗಳು ಸಾಕಷ್ಟಿವೆ. ದಿನ್ನಿ ಅಂದರೆ ದಿಬ್ಬ. ದಿಬ್ಬದ ಕೆಳಗೆ ಏನೋ ಹೂತಿರಲೇಬೇಕು, ಅದೂ ಅರಮನೆಯೇ ಆಗಿರಬೇಕು ಎಂದು ಸಹಾಯಕಿಗೆ ವಿವರಿಸಿದೆ. “ಮಳಿ ನೀರು ಮನಿಯೊಳಗ ಬರಬಾರದಂತ ಎತ್ತರದಾಗ ಕಟ್ಟಿಕೊಂಡಾರ ತಮ್ಮಾ” ಎಂದು ಪಡಸಾಲೆಯಿಂದ ದನಿ ಬಂತು. ಅದನ್ನು ‘ಸ್ಥಳೀಯ ನಂಬಿಕೆ’ ಎಂಬ ಶೀರ್ಷಿಕೆಯ ಕೆಳಗೆ ದಾಖಲಿಸಿಕೊಂಡೆ.

ಊಹೆಯೆಂದರೆ ಹಗುರ ಮಾಡುವವರು ಮಸ್ಕಿಯ ಕಥೆ ಕೇಳಬೇಕು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದ. ಓದಿದ ಕಡೆಯಲ್ಲೆಲ್ಲ ದೇವಾನಂಪಿಯ ಪಿಯದಸಿ ಎಂಬ ರಾಜ ಸಿಕ್ಕ. ಯಾರಿವನು ಎಂಬ ಪ್ರಶ್ನೆಗೆ ಸಿಂಹಳದ ದೊರೆ ಇರಬೇಕು ಎಂದು ಪ್ರಿನ್ಸೆಪ್ ಊಹಿಸಿದ. ಅದೇ ವರ್ಷ ಸಿಂಹಳದಲ್ಲಿದ್ದ ಜಾರ್ಜ್ ಟರ್ನೂರ್ ಅಲ್ಲಿಯ ಗ್ರಂಥ ತಿರುವಿ, ನಮ್ಮವನಲ್ಲ, ನಿಮ್ಮ ಅಶೋಕನೇ ಎಂದು ತಿಳಿಸಿದ. ಬಂಡೆಯೇ ಬಾಯಿಬಿಟ್ಟು ಹೇಳಿದ್ದು ಮಾತ್ರ 1915ರಲ್ಲಿ. ಚಿನ್ನ ಹುಡುಕುತ್ತ ಮಸ್ಕಿಗೆ ಬಂದ ಗಣಿ ಇಂಜಿನಿಯರ್ ಸಿ. ಬೀಡನ್ ಗುಡ್ಡದ ಬಂಡೆಯೊಂದರಲ್ಲಿ ಅಕ್ಷರ ಕಂಡ. ಓದಿಸಿ ನೋಡಿದರೆ ದೇವಾನಂಪಿಯನ ಪಕ್ಕದಲ್ಲೇ ಅಶೋಕನ ಹೆಸರು. ಇದರಿಂದ ನಾನು ಕಲಿತದ್ದು ಎರಡು. ಮೊದಲ ಊಹೆ ತಪ್ಪಿದ್ದರಿಂದ ಪ್ರಿನ್ಸೆಪ್ಪನ ಕೀರ್ತಿಗೆ ಕೂದಲಷ್ಟೂ ಕೊಂಕಾಗಿಲ್ಲ. ಎರಡನೆಯದು, ಶೋಧಕನಿಗೆ ತಾನು ಏನು ಹುಡುಕಲು ಬಂದೆನೆಂಬುದು ಮುಖ್ಯವಲ್ಲ.

ಅಟ್ಟದಿಂದ ಮೊದಲು ಇಳಿದದ್ದು ಒಂದು ಗೇಣಿಗಿಂತ ತುಸು ಉದ್ದದ ಬಿದಿರಿನ ಕೊಳವೆ. ಒಂದು ತುದಿಯನ್ನು ಗಿಣ್ಣು ಮುಚ್ಚಿತ್ತು, ಇನ್ನೊಂದು ತುದಿ ಓರೆಯಾಗಿ ಕತ್ತರಿಸಿತ್ತು. ಬಿದಿರು, ಟೊಳ್ಳು, ಬಾಯಿಗೆ ಹೊಂದುವ ಆಕಾರ. ಕೊಳಲು ಎಂಬುದರಲ್ಲಿ ಸಂಶಯವಿಲ್ಲ. ಬೆರಳಿಡುವ ತೂತುಗಳಿಲ್ಲವಲ್ಲ ಎಂದು ಸಹಾಯಕಿ ಕೇಳಿದಳು. ಒಂದೇ ಸ್ವರದ ಕೊಳಲು ಎಂದೆ. ಆ ಕಡೆ ಮುಚ್ಚಿದೆಯಲ್ಲ ಎಂದಳು. ಹಾಗಾದರೆ ಮೌನವ್ರತದ ದಿನ ಊದುವ ಕೊಳಲು ಎಂದೆ. ಶಾಸ್ತ್ರ ಬೆಳೆಯುವುದು ಆಕ್ಷೇಪಗಳಿಂದಲೇ. ಪ್ರಯೋಗಕ್ಕೆಂದು ತುಟಿಗಿಟ್ಟು ಊದಿದೆ. ಕಮಟು ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು.

“ಯಪ್ಪಾ, ಅದನ್ನ ಬಾಯಾಗ ಇಟಗಬ್ಯಾಡ” ಎಂದಳು ದೊಡ್ಡವ್ವ. “ಗೊಟ್ಟ ಐತಿ ಅದು. ಎತ್ತಿನ ಹೊಟ್ಟಿ ಉಬ್ಬಿದಾಗ ನಾಲಿಗಿ ಹಿಡದು ಗಂಟಲಿಗೆ ಎಣ್ಣಿ ಹೊಯ್ಯಾದು.”

ಬಾಯಿ ತೊಳೆದುಕೊಂಡು ಬಂದು ಟಿಪ್ಪಣಿ ಬರೆದೆ: ಮೌಖಿಕ ಆಕರ, ಎತ್ತುಗಳಿಂದ ದೃಢಪಟ್ಟಿಲ್ಲ. ಚೀಟಿಯ ಮೇಲೆ ‘ಮೌನ ಕೊಳಲು, ರಾಜರ ಕಾಲ’ ಎಂದೇ ಇದೆ.

ಎರಡನೆಯದು ಕಬ್ಬಿಣದ್ದು. ಒಂದು ಬಳೆ, ಅದರ ಸುತ್ತ ತೂಗುವ ಹತ್ತು ಹನ್ನೆರಡು ಬಾಗಿದ ಕೊಕ್ಕೆಗಳು, ಮೇಲೊಂದು ಸರಪಳಿ. ನೋಡಿದ ಕೂಡಲೇ ಮೈ ಜುಮ್ಮೆಂದಿತು. ಕೃಷ್ಣೆ–ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಬಡಿದಾಡಿದ್ದಾರೆ. 1520ರಲ್ಲಿ ಕೃಷ್ಣದೇವರಾಯ ಬಿಜಾಪುರದ ಆದಿಲ್‌ಶಾಹಿಯನ್ನು ಸೋಲಿಸಿ ರಾಯಚೂರು ಕೋಟೆ ಹಿಡಿದ. ಅಷ್ಟೆಲ್ಲ ಯುದ್ಧ ನಡೆದ ಸೀಮೆಯಲ್ಲಿ ಇಷ್ಟು ಕೊಕ್ಕೆಯ ವಸ್ತು ಆಯುಧವಲ್ಲದೆ ಮತ್ತೇನಾಗಲು ಸಾಧ್ಯ? ಆನೆಯ ಸೊಂಡಿಲಿಗೆ ಕಟ್ಟಿ, ಶತ್ರುಸೈನ್ಯದ ಮೇಲೆ ಬೀಸಿ, ಒಮ್ಮೆಗೆ ಹನ್ನೆರಡು ಜನರನ್ನು ಎತ್ತಿಕೊಳ್ಳುವ ಸಾಧನ ಎಂದು ತೀರ್ಮಾನಿಸಿದೆ. ಶಾಸ್ತ್ರದ ಸೂತ್ರ ಸ್ಪಷ್ಟವಿದೆ: ಮೊನೆಯಿದ್ದರೆ ಯುದ್ಧ.

“ಪಾತಾಳಗರಡಿ” ಎಂದಳು ದೊಡ್ಡವ್ವ, ತಲೆಯೆತ್ತದೆ. “ಬಾವ್ಯಾಗ ಕೊಡ ಬಿದ್ದರ ತಗಿಯಾದು. ಇಡೀ ಓಣಿಗೆ ನಮ್ಮದೊಂದ ಇತ್ತು. ಒಯ್ದವರು ತಿರುಗಿ ಕೊಡಲಿ ಅಂತ ಒಂದು ಚರಿಗಿ ಒತ್ತಿ ಇಡಿಸಿಕೋತಿದ್ವಿ. ನಮ್ಮ ಕೊಡ ಹುಡುಕಾಕ ಇಳಿಬಿಟ್ರ ಮಂದಿ ಬಿಂದಿಗಿ ಮ್ಯಾಲ ಬರತಿತ್ತು. ಆಮ್ಯಾಲ ಜಗಳ.”

ಜಗಳ ಎಂಬ ಮಾತನ್ನು ಗುರುತು ಹಾಕಿಕೊಂಡೆ. ಯುದ್ಧದ ಸಿದ್ಧಾಂತಕ್ಕೆ ಅಷ್ಟರಮಟ್ಟಿಗೆ ಬೆಂಬಲ ಸಿಕ್ಕಂತಾಯಿತು. ಗುಜರಿಯವನು ಕೈಯಲ್ಲೇ ತೂಗಿ ನೋಡಿ ಎರಡು ಕಿಲೋ ಎಂದ.

ಮೂರನೆಯದನ್ನು ತೊಲೆಗೆ ಕಟ್ಟಿದ್ದ ಹಗ್ಗ ಬಿಚ್ಚಿ ಇಬ್ಬರು ಆಳುಗಳಿಂದ ಇಳಿಸಬೇಕಾಯಿತು. ಒಂದು ಮರದ ದಿಂಡು, ಅದಕ್ಕೆ ಮೂರು ಕಾಲು, ಮೂರು ಕಾಲಿಗೂ ಇಳಿಯುವ ಮೂರು ಬಿದಿರಿನ ಕೊಳವೆ, ಮೂರೂ ಮೇಲೆ ಹೋಗಿ ಒಂದೇ ಮರದ ಬಟ್ಟಲಿನ ತೂತುಗಳಿಗೆ ಸೇರಿವೆ. ಜಾತ್ರೆಯಲ್ಲಿ ಏಕಕಾಲಕ್ಕೆ ಮೂವರಿಗೆ ಮಜ್ಜಿಗೆ ಹಂಚುವ ಯಂತ್ರ. ಸಮಾನತೆಯ ತತ್ವವನ್ನು ನಮ್ಮ ಹಿರಿಯರು ಮರದಲ್ಲಿ ಕೆತ್ತಿಟ್ಟಿದ್ದರು ಎಂದು ನಾನು ಹೇಳುತ್ತಿರುವಾಗ ಆಳುಗಳಿಬ್ಬರೂ ಯಾಕೋ ಹೊರಗೆ ಹೋದರು.

ಅದು ಕೂರಿಗೆಯಂತೆ. ಈ ಸಾಧನಕ್ಕೆ ವಿದೇಶದಲ್ಲೂ ಹೆಸರಿದೆ ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಸಾಲು ಹಿಡಿದು ಬೀಜ ಬಿತ್ತುವ ಯಂತ್ರ ಯುರೋಪಿನವರ ಹೊಸ ಶೋಧ ಎಂದುಕೊಂಡಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್, ಆಂಧ್ರದ ಗುಂಟೂರು ಕಡೆಯ ರೈತರು ಅದನ್ನೇ ಮಾಮೂಲಿಯಾಗಿ ಹೊಲದಲ್ಲಿ ಎಳೆಯುವುದನ್ನು ಕಂಡು ಬೆರಗಾಗಿ ಇಂಗ್ಲೆಂಡಿಗೆ ಬರೆದ. 1797ರಲ್ಲಿ ಅದು ಅಚ್ಚಾಯಿತು. ಆದರೆ ಈತ ನೇರವಾಗಿ ಹೊಲಕ್ಕೆ ಹೋಗಿ ಬಿತ್ತುವುದನ್ನು ಕಣ್ಣಾರೆ ನೋಡಿದವನು. ಇವನನ್ನು ಊಹಾಶಾಸ್ತ್ರಜ್ಞರ ಪಟ್ಟಿಗೆ ಸೇರಿಸುವಂತಿಲ್ಲ.

ದೊಡ್ಡವ್ವ ಮೊರ ಬದಿಗಿಟ್ಟು ಎದ್ದು ಬಂದದ್ದು ಇದೊಂದಕ್ಕೆ. ಬಟ್ಟಲಿನ ಅಂಚನ್ನು ಸೆರಗಿನಿಂದ ಒರೆಸಿದಳು. “ಮುಂದ ಗಂಡಸರು ಎತ್ತು ಹೊಡಕೊಂಡು ಹೋಗತಿದ್ರು. ಹಿಂದ ನಾನು ಉಡ್ಯಾಗ ಜ್ವಾಳ ಕಟಿಗೊಂಡು, ಮುಷ್ಟಿಲೆ ಬಟ್ಟಲಕ್ಕ ಬಿಡಕೋತ ನಡಿತಿದ್ದೆ. ಮುಷ್ಟಿ ಬಿಗಿ ಆಗಬಾರದು, ಸಡ್ಲೂ ಆಗಬಾರದು. ಮೂರು ತೂತಿಗೂ ಸಮ ಬೀಳಬೇಕು. ಎಲ್ಲಿ ಕೈ ತಪ್ಪೀತು ಅನ್ನಾದು ಅವತ್ತ ಯಾರಿಗೂ ಗೊತ್ತಾಗಂಗಿಲ್ಲ. ಎಂಟು ದಿನದಾಗ ಮಳಕಿ ಎದ್ದ ಮ್ಯಾಲ ಹೊಲಾನ ಹೇಳತಿತ್ತು, ಇಲ್ಲಿ ಸೊಸಿ ಮೈಮರತಾಳ ಅಂತ.”

ಕೇಳಲು ಚೆನ್ನಾಗಿತ್ತು. ಆದರೆ ಇದರಲ್ಲಿ ರಾಜ, ಯುದ್ಧ, ದೇವರು ಒಂದೂ ಇಲ್ಲದ ಕಾರಣ ಶಾಸ್ತ್ರಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ. ಬೆಂಗಳೂರಿನ ಹೋಟೆಲುಗಳಲ್ಲಿ ಕೂರಿಗೆಯನ್ನು ಗೋಡೆಗೆ ನೇತುಹಾಕಿ, ತೂತುಗಳಿಗೆ ಬಲ್ಬು ಸಿಕ್ಕಿಸಿರುವುದನ್ನು ನಾನು ಕಂಡಿದ್ದೇನೆ. ದೀಪಸ್ತಂಭ ಎಂದು ತಿದ್ದುಪಡಿ ಮಾಡುವ ವಿಚಾರವಿದೆ.

ನಾಲ್ಕನೆಯದು ಇಳಿಸುವ ವಸ್ತುವಲ್ಲ, ಇಳಿಯುವ ವಸ್ತು. ಗ್ವಾದಲಿಯ ಪಕ್ಕ ಚಪ್ಪಡಿ ಸರಿಸಿದಾಗ ನೆಲದಲ್ಲಿ ಒಂದು ಆಳು ಇಳಿಯುವಷ್ಟು ಬಾಯಿ ಕಂಡಿತು. ಬ್ಯಾಟರಿ ಬಿಟ್ಟರೆ ಒಳಗೆ ಹೊಟ್ಟೆ ಅಗಲವಾಗಿ, ಬಾಯಿ ಕಿರಿದಾಗಿ, ದೊಡ್ಡ ಮಡಕೆಯನ್ನು ನೆಲದಲ್ಲಿ ಹೂತಂತೆ ಇತ್ತು. ನನ್ನ ಎದೆ ಹೊಡೆದುಕೊಂಡಿತು. ಕರ್ನಾಟಕದಲ್ಲಿ ನೆಲದೊಳಗಿನ ಯಾವುದೇ ರಂಧ್ರ ಹತ್ತಿರದ ಕೋಟೆಗೆ ಹೋಗುವ ಸುರಂಗವೇ ಆಗಿರುತ್ತದೆ. ನಮಗೆ ಹತ್ತಿರದ ಹೆಸರುವಾಸಿ ಕೋಟೆ ಮುದಗಲ್ಲು. ಚೀಟಿ ಬರೆಸಿದೆ: ‘ಮುದಗಲ್ಲಿಗೆ ಸುರಂಗ, ಸದ್ಯ ಮುಚ್ಚಿದೆ’. ಎಷ್ಟು ಮುಚ್ಚಿದೆ ಎಂದರೆ ಎರಡು ಆಳುದ್ದದಲ್ಲೇ ಗಟ್ಟಿ ನೆಲ ಕಾಣುತ್ತಿತ್ತು.

“ಇಳಿಬ್ಯಾಡ” ಎಂದಳು ದೊಡ್ಡವ್ವ. ಈ ಸಲ ದನಿಯಲ್ಲಿ ನಗು ಇರಲಿಲ್ಲ. “ಹಗೇವು ಅದು. ಬಾಯಿ ತಗದ ಕೂಡ್ಲೆ ಇಳಿದವರು ಮ್ಯಾಲ ಬಂದಿಲ್ಲ.”

ಹಗೇವಿನ ವಿಚಾರವನ್ನು ಆಕೆ ಹೇಳಿದಂತೆ ಇಲ್ಲಿ ದಾಖಲಿಸುತ್ತೇನೆ, ಒಪ್ಪಿಕೊಂಡು ಅಲ್ಲ. ಸುಗ್ಗಿ ಮುಗಿದ ಮೇಲೆ ಒಳಗೆಲ್ಲ ದಂಟು, ಹೊಟ್ಟು ಹಾಸಿ ಜೋಳ ತುಂಬುವುದು. ಮೇಲೆ ಹೊಟ್ಟು ಮುಚ್ಚಿ, ಚಪ್ಪಡಿ ಎಳೆದು, ಮಣ್ಣು ಮೆತ್ತಿ ಗಾಳಿಯಾಡದಂತೆ ಮಾಡುವುದು. ಒಳಗಿನ ಕಾಳು ಉಸಿರಾಡಿ ಉಸಿರಾಡಿ ಇದ್ದ ಪ್ರಾಣವಾಯುವನ್ನೆಲ್ಲ ಮುಗಿಸುತ್ತದೆ, ಹುಳು ಸಾಯುತ್ತದೆ, ಜೋಳ ವರ್ಷಗಟ್ಟಲೆ ಉಳಿಯುತ್ತದೆ. ಹುಳುವಿಗೆ ಆಗುವುದೇ ಅವಸರದಿಂದ ಇಳಿಯುವ ಮನುಷ್ಯನಿಗೂ ಆಗುತ್ತದೆ. ಹಾಗಾಗಿ ಬಾಯಿ ತೆಗೆದು ಗಾಳಿಯಾಡಲು ಬಿಟ್ಟು, ಉರಿಯುವ ಕಂದೀಲನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಇಷ್ಟಕ್ಕೂ ಬೇಕಾದದ್ದು ಒಣ ನೆಲ. 1953ರಿಂದ ತುಂಗಭದ್ರೆಯ ನೀರು ನಾಲೆಗೆ ಬಂದು, ಸಿಂಧನೂರು ಸೀಮೆ ಮೆಲ್ಲಗೆ ಜೋಳ ಬಿಟ್ಟು ಭತ್ತ ಹಿಡಿಯಿತು. ಕಾಲುವೆಯ ಬಸಿನೀರು ಒಸರುವ ನೆಲದಲ್ಲಿ ಹಗೇವು ಉಳಿಯುವುದಿಲ್ಲ. ತುಂಬಲು ಜೋಳವೂ ಇಲ್ಲ.

ಇಲ್ಲಿ ನಾನು ಕೃತಜ್ಞತೆ ಸಲ್ಲಿಸಬೇಕು. ಊಹಾಶಾಸ್ತ್ರಕ್ಕೆ ಪೋಷಕರಿಲ್ಲ ಎಂಬ ದೂರಿದೆ, ಅದು ಸುಳ್ಳು. ಒಂದು ನಾಲೆ ಬಂದರೆ ಜೋಳದ ಬದುಕಿನ ಸಾಮಾನೆಲ್ಲ ಅಟ್ಟಕ್ಕೇರುತ್ತದೆ. ಗಿರಣಿ ಬಂತು, ಬೀಸುಕಲ್ಲು ಮೂಲೆ ಸೇರಿತು, ಅದಕ್ಕೆ ಉಳಿಯಿಂದ ಕಕ್ಕು ಹೊಡೆಯಲು ಓಣಿ ಓಣಿ ಕೂಗುತ್ತ ಬರುತ್ತಿದ್ದವರು ಬರದಾದರು. ಟ್ರ್ಯಾಕ್ಟರ್ ಬಂತು, ಗೊಟ್ಟ ಮೌನ ಕೊಳಲಾಯಿತು. ಕೊಳವೆಬಾವಿ ಬಂತು, ಪಾತಾಳಗರಡಿಗೆ ಪಾತಾಳವೇ ಸಿಗದಾಯಿತು. 1956ರ ಕಾಯ್ದೆಯಿಂದ ಕಿಲೋ, ಲೀಟರು ಬಂದವು. ಸೇರು, ಪಾವು, ಚಟಾಕುಗಳು ಈಗ ಮೇಜಿನ ಮೇಲೆ ಪೆನ್ನು ನಿಲ್ಲಿಸಲು ಇವೆ. ವಸ್ತುವಿಗೆ ತುಕ್ಕು ಹಿಡಿಯಲು ನೂರು ವರ್ಷ ಬೇಕು. ಅದರ ಅರ್ಥಕ್ಕೆ ತುಕ್ಕು ಹಿಡಿಯಲು ಒಬ್ಬ ಸೊಸೆ ಪಟ್ಟಣಕ್ಕೆ ಹೋದರೆ ಸಾಕು. ನಮ್ಮ ಶಾಸ್ತ್ರದ ಭವಿಷ್ಯ ಉಜ್ವಲವಾಗಿದೆ.

ಈಗ ಶಾಸ್ತ್ರದ ಮೂಲಸೂತ್ರಕ್ಕೆ ಬರೋಣ. ಮೊನೆಯಿದ್ದರೆ ಯುದ್ಧ, ತೂತಿದ್ದರೆ ಸುರಂಗ. ಎರಡೂ ಇಲ್ಲದಿದ್ದರೆ? ಪೂಜೆ. ಇದಕ್ಕೊಂದು ಪರೀಕ್ಷೆಯೂ ಇದೆ: ಸವೆದದ್ದು ಬಳಕೆಯದು, ಸವೆಯದ್ದು ಪೂಜೆಯದು. ಈ ಸೂತ್ರವನ್ನು ಪಂ­ಡಿತರೂ ಪಾಮರರೂ ಒಂದೇ ನಿಷ್ಠೆಯಿಂದ ಪಾಲಿಸುತ್ತಾರೆ. ಹೊಸ ಶಿಲಾಯುಗದ ನುಣುಪಾದ ಕಲ್ಲುಗೊಡಲಿಗಳು ಹೊಲದಲ್ಲಿ ಸಿಕ್ಕಾಗ ಹಳ್ಳಿಯವರು ಅವನ್ನು ಮರದ ಬುಡದಲ್ಲಿಟ್ಟು ಪೂಜಿಸುತ್ತಿದ್ದುದನ್ನು 19ನೇ ಶತಮಾನದ ಶೋಧಕರು ಕಂಡಿದ್ದಾರೆ. ಯುರೋಪಿನ ರೈತರು ಅಂಥವೇ ಕಲ್ಲುಗಳನ್ನು ಸಿಡಿಲಿನ ಜೊತೆ ಆಕಾಶದಿಂದ ಬಿದ್ದವು ಎಂದು ಮನೆಯಲ್ಲಿಟ್ಟುಕೊಳ್ಳುತ್ತಿದ್ದರು. ನಮ್ಮ ಊರ ಬೇವಿನ ಮರದ ಕೆಳಗೂ ಒಂದು ಉರುಟು ಕಲ್ಲಿದೆ, ಕುಂಕುಮ, ಭಂಡಾರ ಹಚ್ಚಿದ್ದಾರೆ. ಕಣದಲ್ಲಿ ತೆನೆ ತುಳಿಸಲು ಎತ್ತುಗಳು ಎಳೆಯುತ್ತಿದ್ದ ರೋಣಗಲ್ಲು ಅದು ಎಂದು ದೊಡ್ಡವ್ವ ಹೇಳುತ್ತಾಳೆ. ಹೇಳಿದ ಮೇಲೆ ಕೈಯನ್ನೂ ಮುಗಿಯುತ್ತಾಳೆ. ಆಕೆಗೆ ಇದರಲ್ಲಿ ವಿರೋಧವೇನೂ ಕಾಣುವುದಿಲ್ಲ. ಮುವತ್ತು ನಲವತ್ತು ಸುಗ್ಗಿ ದುಡಿದದ್ದಕ್ಕೆ ಕೊಟ್ಟ ಪಿಂಚಣಿ ಇರಬೇಕು.

ಮೋರೇರ ಮನೆಗಳ ವಿಷಯವೂ ಹೀಗೆ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಪುಟ್ಟ ಪುಟ್ಟ ಕೋಣೆಗಳಿವೆ, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಇಷ್ಟು ಸಣ್ಣ ಮನೆಯಲ್ಲಿ ಇದ್ದವರು ಕುಳ್ಳರೇ ಇರಬೇಕು ಎಂದು ಸುತ್ತಲ ಜನ ಮೋರೇರೆಂಬ ಕುಳ್ಳರ ಕುಲವನ್ನೇ ಕಲ್ಪಿಸಿದರು. ಶುದ್ಧ ಊಹಾಶಾಸ್ತ್ರ. ಆಮೇಲೆ ಬಂದವರು ಅವು ಬೃಹತ್ ಶಿಲಾಯುಗದ ಗೋರಿಗಳೆಂದು ಹೇಳಿ ಆ ಬಡಪಾಯಿ ಕುಳ್ಳರನ್ನು ಮನೆಯಿಂದ ಹೊರಹಾಕಿದರು.

ನಮ್ಮ ಶಾಸ್ತ್ರದ ನಿಜವಾದ ಸ್ವರ್ಣಯುಗ ಮಾತ್ರ ಬೂದಿದಿಬ್ಬಗಳ ಮೇಲೆ ನಡೆಯಿತು. ಬಳ್ಳಾರಿಯ ಕುಡತಿನಿ ಮೊದಲ್ಗೊಂಡು ಕೃಷ್ಣೆಯ ತನಕ ಅಲ್ಲಲ್ಲಿ ದೊಡ್ಡ ದೊಡ್ಡ ಬೂದಿಯ ದಿಬ್ಬಗಳಿವೆ, ಕೆಲವು ಕಡೆ ಬೂದಿ ಕರಗಿ ಕಿಟ್ಟಗಟ್ಟಿದೆ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಜಾಗ ಎಂದರು ಬಳ್ಳಾರಿ ಕಡೆಯವರು. ಜ್ವಾಲಾಮುಖಿಯೇನೋ ಎಂದು ನೋಡಿದವರುಂಟು. ಕುಲುಮೆ ಎಂದವರುಂಟು. ಸಹಗಮನದ ಸಾಮೂಹಿಕ ಚಿತೆ ಎಂದವರೂ ಉಂಟು. ನೂರು ವರ್ಷಕ್ಕೂ ಮಿಕ್ಕಿ ನಡೆದ ಈ ಭವ್ಯ ಸಂವಾದವನ್ನು ಕೆಡಿಸಿದವನು ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಹಳೇ ಶಿಲಾಯುಗದ ಕೈಗೊಡಲಿ ಎತ್ತಿಕೊಂಡವನೂ ಇವನೇ. ಬೂದಿ ಸಗಣಿಯದು, ದನದ ದೊಡ್ಡಿ ಸುಟ್ಟದ್ದು ಎಂದ. ಯಾರಿಗೂ ರುಚಿಸಲಿಲ್ಲ. 1957ರಲ್ಲಿ ರೇಮಂಡ್ ಆಲ್ಚಿನ್ ತೆಲಂಗಾಣದ ಉಟ್ನೂರಿನ ದಿಬ್ಬ ಅಗೆಸಿದರೆ, ದೊಡ್ಡಿಗೆ ಸುತ್ತ ಬೇಲಿ ಹುಗಿದ ಗುಣಿ, ದನದ ಗೊರಸಿನ ಗುರುತು. ಎಫ್.ಇ. ಜೂನರ್ ಕುಡತಿನಿಯ ಬೂದಿಯನ್ನು ಪ್ರಯೋಗಾಲಯಕ್ಕೆ ಒಯ್ದು ನೋಡಿ ಸಗಣಿಯೇ ಎಂದ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಾರರು ಕೂಡಿಟ್ಟ ಸಗಣಿ. ರಾಕ್ಷಸ, ಜ್ವಾಲಾಮುಖಿ, ಸತಿ ಎಲ್ಲ ಹತ್ತಿ ಇಳಿದು ಪಾಂಡಿತ್ಯ ಕೊನೆಗೆ ಕಾಲಿಟ್ಟದ್ದು ಅದರಲ್ಲಿ.

ಇದನ್ನು ದೊಡ್ಡವ್ವನಿಗೆ ಹೇಳಿದೆ. ಒಪ್ಪುತ್ತಾಳೆ, ಆಕೆಯ ಪಕ್ಷದ ವಾದವೇ ಇದು ಎಂದುಕೊಂಡಿದ್ದೆ. ಆಕೆ ಸಿಡುಕಿದಳು. “ಸಗಣಿ ಅಂತ! ಸಗಣಿ ಅಷ್ಟು ಸುಡಾಕ ಅವರಿಗೇನು ಹುಚ್ಚು ಹಿಡಿದಿತ್ತೇನು? ಹೊಲಕ್ಕ ಹಾಕತಿರಲಿಲ್ಲ? ಒಲಿಗೆ ಕುಳ್ಳು ಬಡೀತಿರಲಿಲ್ಲ? ರಾಕ್ಷಸನ ಬೂದಿನ ಅದು, ನಮ್ಮವ್ವ ಹೇಳ್ಯಾಳ.” ಮೂರು ದಿನದಲ್ಲಿ ನಮ್ಮಿಬ್ಬರ ಅಭಿಪ್ರಾಯ ಒಂದಾದದ್ದು ಇದೊಂದರಲ್ಲೇ. ಅಷ್ಟೊಂದು ಸಗಣಿಯನ್ನು ಯಾಕೆ ಸುಟ್ಟರೆಂಬುದರ ಬಗ್ಗೆ ಪಂಡಿತರು ಇವತ್ತಿಗೂ ವಾದಿಸುತ್ತಿದ್ದಾರೆ ಎಂದು ಆಕೆಗೆ ಹೇಳಲಿಲ್ಲ.

ಶಾಸ್ತ್ರಕ್ಕೆ ದ್ರೋಹ ಬಗೆದ ವಸ್ತುವೂ ನಮ್ಮ ಜಿಲ್ಲೆಯಲ್ಲೇ ಇದೆ. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿನ ಚಪ್ಪಡಿಯಿದೆ, ಅದರ ಮೇಲೆ 1294ರ ಕಾಕತೀಯರ ಕಾಲದ ಶಾಸನ. ಇಂಥ ಕಲ್ಲನ್ನು ಹೇಗೆ ತಂದರು ಎಂಬ ಪ್ರಶ್ನೆಗೆ ಭೂತಗಳು, ಮಂತ್ರಶಕ್ತಿ, ಅನ್ಯಗ್ರಹದವರು ಎಂದು ನಾನು ಮೂರು ಅಧ್ಯಾಯ ಬರೆಯಬಹುದಿತ್ತು. ಆದರೆ ಆ ಕಾಲದವರೇ ಹತ್ತಿರದಲ್ಲಿ ಚಿತ್ರ ಕೆತ್ತಿಟ್ಟುಬಿಟ್ಟಿದ್ದಾರೆ: ಬಂಡಿಯ ಮೇಲೆ ಕಲ್ಲು, ಮುಂದೆ ಸಾಲು ಹಿಡಿದ ಕೋಣಗಳು. ವಸ್ತುವಿನ ಜೊತೆ ಅದರ ವಿವರಣೆಯನ್ನೂ ಬಿಟ್ಟುಹೋಗುವ ಈ ಚಾಳಿ ಮುಂದೆ ಬೆಳೆಯಲಿಲ್ಲ ಎಂಬುದೇ ಸಮಾಧಾನ. ರಾಮನಗರದ ಜಾನಪದ ಲೋಕದಂಥ ಕಡೆ ಮೊರ, ಕುಂಟೆ, ಕೊಳಗಗಳನ್ನು ಹೆಸರು ಬರೆದೇ ಇಟ್ಟಿರುವುದನ್ನೂ ನಾನು ಇದೇ ಕಾರಣಕ್ಕೆ ಖಂಡಿಸುತ್ತೇನೆ.

ನಾನು ಅಸೂಯೆಪಡುವುದು ರೋಮನ್ ಶಾಖೆಯವರ ಮೇಲೆ. 1739ರಲ್ಲಿ ಇಂಗ್ಲೆಂಡಿನಲ್ಲಿ ಹನ್ನೆರಡು ಮುಖದ, ಪ್ರತಿ ಮುಖಕ್ಕೂ ಒಂದೊಂದು ತೂತಿನ, ಮೂಲೆಗೊಂದು ಗುಂಡಿಯ ಟೊಳ್ಳು ಕಂಚಿನ ವಸ್ತು ಸಿಕ್ಕಿತು. ಆಮೇಲೆ ಫ್ರಾನ್ಸ್, ಜರ್ಮನಿ ಕಡೆಯಲ್ಲೆಲ್ಲ ಸೇರಿ ನೂರಕ್ಕೂ ಹೆಚ್ಚು ಸಿಕ್ಕಿವೆ. ರೋಮನ್ನರ ಯಾವ ಬರಹದಲ್ಲೂ ಅದರ ಸುದ್ದಿಯಿಲ್ಲ. ದೀಪದ ಕಂಬ ಎಂದರು, ಅಳತೆಯ ಸಾಧನ ಎಂದರು, ಕೈಗವಸು ಹೆಣೆಯುವ ಸಾಧನ ಎಂದರು, ಕೊನೆಗೆ ಎಲ್ಲರೂ ಬಂದು ನಿಂತದ್ದು ಪೂಜೆಯ ಹತ್ತಿರ. ಸುಮಾರು ಮುನ್ನೂರು ವರ್ಷದಿಂದ ಆ ವಿದ್ವಾಂಸರು ನೆಮ್ಮದಿಯಾಗಿ ಊಹಿಸುತ್ತಿದ್ದಾರೆ. ಪಕ್ಕದ ಪಡಸಾಲೆಯಲ್ಲಿ ಜೋಳ ಹಸನು ಮಾಡುವ ಒಬ್ಬ ದೊಡ್ಡವ್ವನೂ ಅವರಿಗೆ ಉಳಿದಿಲ್ಲ. ಎಂಥ ಪುಣ್ಯ.

ಮೂರನೆಯ ದಿನ ಸಂಜೆ ಅಟ್ಟ ಬರಿದಾಯಿತು. ಮೂಲೆಯಲ್ಲಿ ಬಟ್ಟೆ ಸುತ್ತಿಟ್ಟ ಒಂದು ಸಣ್ಣ ಮರದ ತುಂಡು ಮಾತ್ರ ಉಳಿದಿತ್ತು. ಅಂಗೈಯಷ್ಟು ಉದ್ದ, ನಡುವೆ ತಗ್ಗು, ಒಂದು ಬದಿಗೆ ಎರಡು ತೂತು, ಇನ್ನೊಂದು ಬದಿಗೆ ಕಚ್ಚು. ಎಷ್ಟೋ ಕೈ ಹಿಡಿದು ಹಿಡಿದು ಕನ್ನಡಿಯಂತೆ ನುಣುಪಾಗಿತ್ತು. ಮೊನೆಯಿಲ್ಲ, ಆದ್ದರಿಂದ ಯುದ್ಧವಲ್ಲ. ಸವೆದಿದೆ, ಆದ್ದರಿಂದ ಪೂಜೆಯಲ್ಲ. ತೂತಿದೆ, ಆದರೆ ಮುದಗಲ್ಲಿಗೆ ಹೋಗುವಂತಿಲ್ಲ. ಶಾಸ್ತ್ರ ನಿಂತಲ್ಲೇ ನಿಂತಿತು. ಅಭ್ಯಾಸ ತಪ್ಪಿ, ಪಡಸಾಲೆಗೆ ಹೋಗಿ, ನಾನೇ ಬಾಯಿ ಬಿಟ್ಟು ಕೇಳಿದೆ.

ದೊಡ್ಡವ್ವ ಬೆಳಕಿಗೆ ಹಿಡಿದಳು. ತಿರುಗಿಸಿದಳು. ತೂತಿನಲ್ಲಿ ಬೆರಳಿಟ್ಟಳು. ತಗ್ಗಿಗೆ ಹೆಬ್ಬೆರಳು ಸರಿಯಾಗಿ ಕೂತಿತು, ಆಕೆಗಾಗಿಯೇ ಮಾಡಿದಂತೆ. ಬಹಳ ಹೊತ್ತು ಸುಮ್ಮನಿದ್ದಳು.

“ನಮ್ಮತ್ತಿ ಕೈಯಾಗ ನೋಡಿದ ನೆನಪೈತಿ” ಎಂದಳು. “ಏನು ಮಾಡತಿದ್ಲೋ. ಕೇಳಬೇಕು ಅಂದಕೊಂಡಿದ್ದೆ. ಸೊಸಿ ಅಂದ್ರ ಕೆಲಸ ಭಾಳ ಇರತಿತ್ತು.”

ಪೆನ್ನು ಹಿಡಿದಿದ್ದ ಸಹಾಯಕಿ ನನ್ನ ಮುಖ ನೋಡಿದಳು. ಚೀಟಿಗೆ ಏನು ಬರೆಯಲಿ ಎಂದಳು. ಅಂಟು ಮುಗಿದಿದೆ ಎಂದೆ. ಡಬ್ಬಿಯಲ್ಲಿ ಇನ್ನೂ ಅರ್ಧ ಇತ್ತು. ಗುಜರಿಯವನು ತೂಗಿ ನೋಡಿ ಅದನ್ನು ಒಲೆಗೆ ಎಂದು ಬದಿಗಿಟ್ಟ. ದೊಡ್ಡವ್ವ ಎತ್ತಿಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದೆ. ಓಣಿಯ ಹುಡುಗರು ಸುತ್ತ ನೆರೆದು, ಈ ಮುತ್ಯಾ ಏನು ಕೆಲಸ ಮಾಡುತ್ತಾನೆ ಎಂದು ನನ್ನ ಸಹಾಯಕಿಯನ್ನು ಕೇಳಿದರು. ಅವಳು ಉತ್ತರಿಸುವ ಅವಸರ ಮಾಡಲಿಲ್ಲ. ನಾನು ಕಲಿಸಿದಂತೆ ಮೊದಲು ದೂರದಿಂದ ಪರಿಶೀಲಿಸಿದಳು. ಆಮೇಲೆ ಹತ್ತಿರ ಬಂದು ನನ್ನ ಕೈ ಹಿಡಿದು, ಅಂಗೈ ಮೇಲೆ ಮಾಡಿ, ಬೆರಳು ಸವರಿ ನೋಡಿದಳು.

“ಎಲ್ಲೂ ಸವೆದಿಲ್ಲ” ಎಂದಳು. “ಪೂಜಾಕ್ಕ ಇಟ್ಟಿರಬೇಕು.”